ಊಟದ ತಾಟಿನ್ಯಾಗ ಎಷ್ಟು ಭಾಷಾ?

ಭಾಗ 1
ಫೋಟೋ: ಬಾದಾಮಿ, ಮೂರನೇ ಗುಹೆ

ಈ ಗುಹೆಗೆ ಹೋದವರೆಲ್ಲ ಮೊದಲು ನೋಡೋದು ಶೇಷನ ಮೇಲೆ ಕೂತ ವಿಷ್ಣುವನ್ನ. ಸೆಲ್ಫಿಯೂ ಅಲ್ಲೇ. ಇವತ್ತು ಸ್ವಲ್ಪ ಪಕ್ಕಕ್ಕೆ ನೋಡ್ರಿ, ಕಲ್ಲಿನ ಮೇಲೆ ಅಕ್ಷರ ಕಾಣ್ತಾವು.

ಈ ಗುಹೆ ಮಾಡಿಸಿದವನು ಚಾಲುಕ್ಯರ ಮಂಗಲೇಶ. ಆಗ ಪಟ್ಟದಲ್ಲಿದ್ದವನು ಅವನ ಅಣ್ಣ ಕೀರ್ತಿವರ್ಮ. ಶಕ ವರ್ಷ 500, ಅಂದ್ರೆ ಕ್ರಿ.ಶ. 578. ಮಂಗಲೇಶ ಇಲ್ಲಿ ಸಂಸ್ಕೃತದಲ್ಲಿ ಒಂದು ಶಾಸನ ಹಾಕಿಸಿದ. ವಂಶದ ಹಿರಿಮೆ, ಅಣ್ಣನ ಹೆಸರು, ದೇವರ ಪ್ರತಿಷ್ಠೆ, ಎಲ್ಲ ಅದರಲ್ಲಿ ಇದೆ. ಅದೇ ಗುಹೆಯಲ್ಲಿ ಅವನದೇ ಇನ್ನೊಂದು ಸಣ್ಣ ಶಾಸನ ಇದೆ, ಅದು ಕನ್ನಡದ್ದು. ಮಂಗಲೇಶನ 'ಕಲ್ಮನೆ'ಗೆ ಲಂಜಿಗೇಸರ ಅನ್ನೋ ಊರು ಕೊಟ್ಟಿದೆ ಅಂತ ನೇರವಾಗಿ ಹೇಳ್ತದೆ. ಕಲ್ಮನೆ ಅಂದ್ರೆ ಕಲ್ಲಿನ ಮನೆ. ಇಷ್ಟು ದೊಡ್ಡ ಗುಹೆಗೆ ಎಷ್ಟು ಸರಳ ಹೆಸರು ನೋಡ್ರಿ. ಸುಮಾರು 1450 ವರ್ಷ ಹಳೇದಾದ್ರೂ ನಮಗೆ ಅರ್ಥ ಕೇಳೋ ಅವಶ್ಯಕತೆನೇ ಇಲ್ಲ.

ಒಬ್ಬನೇ ಅರಸ, ಒಂದೇ ಗುಹೆ, ಭಾಷೆ ಎರಡು. ದೂರದ ಪಂಡಿತರಿಗೂ ಮುಂದಿನ ಕಾಲಕ್ಕೂ ತಿಳೀಬೇಕಾದದ್ದು ಸಂಸ್ಕೃತದಲ್ಲಿ. ಊರು ಯಾರಿಗೆ ಸೇರಿತು ಅಂತ ಇಲ್ಲಿನ ಜನಕ್ಕೆ ತಿಳೀಬೇಕಾದದ್ದು ಕನ್ನಡದಲ್ಲಿ.

ಈ ಫೋಟೋ ತೆಗೆದುಕೊಂಡು ಬಂದ ವಾರವೇ ನಮ್ಮ ಮನೆಯಲ್ಲಿ ಭಾಷೆ ಬಗ್ಗೆ ಒಂದು ದೊಡ್ಡ ಚರ್ಚೆ ಆಯ್ತು. ಚರ್ಚೆ ಅನ್ನೋದು ಮರ್ಯಾದೆಗೆ, ಖರೇ ಹೇಳ್ಬೇಕಂದ್ರ ಜಗಳ. ಅಲ್ಲಿ ಬಂದ ಒಂದೊಂದು ಮಾತನ್ನೂ ನಮ್ಮ ಭಾಗದ ಇತಿಹಾಸದ ಮುಂದಿಟ್ಟು ನೋಡೋ ಪ್ರಯತ್ನ ಈ ಸರಣಿ. ಒಟ್ಟು ಒಂಬತ್ತು ಭಾಗ. ಸೇವ್ ಮಾಡಿಟ್ಕೊಳ್ರಿ, ಆರಾಮ ಇದ್ದಾಗ ಓದ್ರಿ.

ಭಾಗ 2
ಫೋಟೋ: ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರು

ನವನಗರದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಎಲ್ಲರೂ ಕೂಡಿಯೇ ಕೂಡ್ತೀವಿ. ಟಿವಿ ಬಂದ್, ಬಾಯಿ ಚಾಲೂ. ಅವತ್ತು ಇಳಕಲ್‌ನಿಂದ ಕಾಕಾನೂ ಬಂದಿದ್ರು.

ವಿಷಯ ಇಷ್ಟೇ. ತಂಗಿ ಹತ್ತನೇ ತರಗತಿ ಪಾಸಾಗಿದ್ದಾಳೆ. ಪಿಯುಸಿ ಅರ್ಜಿಯಲ್ಲಿ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಬರೀಬೇಕು. ಆ ಒಂದು ಖಾಲಿ ಜಾಗಕ್ಕೆ ಆರು ಮಂದಿ ಆರು ಮಾತು.

"ನಾ ಸಂಸ್ಕೃತ ತಗೋತೀನಿ. ನಮ್ಮ ಗ್ರೂಪ್‌ನಾಗ ಎಲ್ಲಾರೂ ಅದನ್ನ ತಗೊಳ್ಳಾಕತ್ತಾರ. ಮಾರ್ಕ್ಸ್ ಚಲೋ ಬರ್ತಾವಂತ" ಅಂದ್ಲು ತಂಗಿ.

"ಹಿಂದಿ ತಗೋ" ಅಂದ್ರು ಅಪ್ಪ. "ನಾಳೆ ಬ್ಯಾಂಕಿನ ನೌಕರಿ ಸಿಕ್ಕು ಭೋಪಾಳಕ್ಕ ಹಾಕಿದ್ರ ಅಲ್ಲೇನು ಶ್ಲೋಕ ಹೇಳ್ಕೋತ ಕೂಡ್ತೀಯೇನು?"

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಒಳಗಿಂದಲೇ ಕೇಳಿದ್ಲು. "ಮನ್ಯಾಗ ಕನ್ನಡ ಮಾತಾಡ್ತೀವಿ ಅಂತ ಕನ್ನಡ ಪುಸ್ತಕಾನ ಬಿಟ್ಟುಬಿಡೂದೇನು? ಹಂಗಾದ್ರ ದಿನಾ ಮನ್ಯಾಗ ಉಣ್ತೀವಿ ಅಂತ ಅಡಗಿ ಕಲಿಯೂದೂ ಬಿಡ್ರಿ."

ಕಾಕಾಗೆ ನಗು. ಅವರು ಸೀರೆ ವ್ಯಾಪಾರದವರು. "ಭಾಷಾ ಏನ್ ಅರ್ಜಿ ತುಂಬಿ ಕಲಿಯೂದೇನು ವೈನಿ? ನಾ ಮರಾಠಿ ಕಲತದ್ದು ಸೊಲ್ಲಾಪುರದ ಅಂಗಡಿ ಕಟ್ಟಿ ಮ್ಯಾಲ. ಒಂದು ಪರೀಕ್ಷಾನೂ ಬರದಿಲ್ಲ, ಒಂದು ಗಿರಾಕಿನೂ ಕಳಕೊಂಡಿಲ್ಲ."

"ಮಾತು ಆಮ್ಯಾಲ, ರೊಟ್ಟಿ ಆರಾಕತ್ತಾವು" ಅಂದ್ರು ಆಯಿ.

ಎಲ್ಲರ ಮಾತು ಮುಗಿದ ಮೇಲೆ ಅಜ್ಜ ಬಾಯಿ ಬಿಟ್ರು. ಬಿಜಾಪುರ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ ಸಾಲಿಗೆ ಸೇರಿದವರು ಅವರು. "ಎರಡನೇ ಭಾಷಾ ಯಾವ್ದು ಅಂತ ಬಡದಾಡಾಕತ್ತೀರಿ. ಮೊದಲನೇದಕ್ಕ ಜಾಗ ಐತೇನು, ಅದನ್ನ ನೋಡ್ರಿ ಮೊದಲ."

ಆ ಮಾತು ತಲೆಯಲ್ಲಿ ಉಳೀತು. ಈ ಸರಣಿಯ ನಿಜವಾದ ಪ್ರಶ್ನೆ ಅದೇ.

ಭಾಗ 3
ಫೋಟೋ: ಅದೇ ತಾಟು, ಹತ್ತಿರದಿಂದ

ಮೊದಲು ಆಯಿಯ ರೊಟ್ಟಿ ಕಡೆ ಬರೋಣ. ನಮ್ಮ ಭಾಗದಲ್ಲಿ ಪ್ಲೇಟಿಗೆ ತಾಟು ಅಂತೀವಿ. ಮರಾಠಿಯವರೂ ತಾಟ್ ಅಂತಾರ. ಶೇಂಗಾ ಅನ್ನೋದೂ ಮರಾಠಿ ಕಡೆಯ ಮಾತು. ಬಟಾಟಿ ಪೋರ್ಚುಗೀಸರದು, ಗೋವಾ ದಾಟಿ ಘಟ್ಟ ಹತ್ತಿ ಬಂತು. ಮನೆಗೆ ಹಾಕೋ ಚಾವಿ ಪೋರ್ಚುಗೀಸ್. ತಿಂಗಳಿಗೊಮ್ಮೆ ಅಪ್ಪ ತರೋ ಪಗಾರವೂ ಪೋರ್ಚುಗೀಸ್. ಆಯಿ, ಕಾಕಾ, ವೈನಿ, ಈ ಸಂಬಂಧದ ಹೆಸರುಗಳನ್ನೂ ನಾವೂ ಮರಾಠಿಯವರೂ ಹಂಚಿಕೊಂಡೀವಿ.

ಈಗ ಅಪ್ಪ ತಹಶೀಲ್ದಾರ ಕಚೇರಿಗೆ ಹೋದ್ರು ಅಂತ ತಿಳೀರಿ. ಅರ್ಜಿ, ತಾರೀಖು, ಜಮೀನು, ದಾಖಲೆ, ಬಾಕಿ, ವಸೂಲಿ, ತಾಲ್ಲೂಕು, ಜಿಲ್ಲೆ, ಸರಕಾರ, ಎಲ್ಲ ಫಾರ್ಸಿ–ಅರಬ್ಬಿ ಮೂಲದವು. 'ರೈತ' ಅನ್ನೋ ಮಾತೂ ಅರಬ್ಬಿಯಿಂದ ಬಂದದ್ದೇ. ಅದನ್ನ ಈಗ ಯಾರಾದ್ರೂ ಹೊರಗಿನದು ಅಂದ್ರ ನಮ್ಮೂರಾಗ ನಡೀತೈತೇನು?

ಇದಕ್ಕೆ ಕಾರಣ ದೂರ ಇಲ್ಲ. 1490ರಿಂದ 1686ರವರೆಗೆ ವಿಜಯಪುರದಲ್ಲಿ ಆದಿಲ್ ಶಾಹಿಗಳ ಆಡಳಿತ. ದರ್ಬಾರಿನ ದೊಡ್ಡ ಭಾಷೆ ಫಾರ್ಸಿ. ಆದ್ರೆ ಬರೀ ಫಾರ್ಸಿಯಿಂದ ಊರು ನಡೆಯೋದಿಲ್ಲ ಅಂತ ಅವರಿಗೆ ಬೇಗ ತಿಳೀತು. ಮೊದಲನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಲೆಕ್ಕಪತ್ರಗಳು ಫಾರ್ಸಿ ಬಿಟ್ಟು ದೇಶದ ಭಾಷೆಗೆ ಬಂದವು. ಎರಡನೇ ಇಬ್ರಾಹಿಂ (1580–1627) ಇನ್ನೂ ಮುಂದೆ ಹೋಗಿ 'ಕಿತಾಬ್-ಎ-ನೌರಸ್' ಅನ್ನೋ ಹಾಡುಗಳ ಪುಸ್ತಕವನ್ನ ತಾನೇ ದಖನಿಯಲ್ಲಿ ಬರೆದ. ಅದರ ಮೊದಲಲ್ಲೇ ಸರಸ್ವತಿಯ ನೆನಪು. ಅರಸನೂ ತನ್ನ ಸುತ್ತಲಿನ ಮಾತು ಕಲೀಬೇಕಾಯ್ತು.

ಅಂದ್ರೆ ನಮ್ಮ ತಾಟಿನಲ್ಲಿ ನಾಕೈದು ಭಾಷೆ ಅದಾವು. ಕನ್ನಡ ಇದರಿಂದ ಸೊರಗಲಿಲ್ಲ, ಉಂಡು ಗಟ್ಟಿಯಾಯ್ತು. ಬಟಾಟಿ ಬಂತು, ಪಲ್ಯ ಕನ್ನಡದ್ದೇ ಉಳೀತು. ಹೊಸ ಭಾಷೆ ಪಕ್ಕದಲ್ಲಿ ಬಂದು ಕೂತ್ರೆ ಹಿಂಗಾಗ್ತದೆ. ಪಕ್ಕದಲ್ಲಿ ಕೂಡದೇ ಹೋದಾಗ ಏನಾಗ್ತದೆ ಅಂತ ಐದನೇ ಭಾಗದಲ್ಲಿ ನೋಡೋಣ.

ಭಾಗ 4
ಫೋಟೋ: ಪಟ್ಟದಕಲ್ಲು, ಅಕ್ಷರದ ಕಂಬ

ಈಗ ತಂಗಿಯ ಸಂಸ್ಕೃತ.

ಸಂಸ್ಕೃತಕ್ಕೆ ನಮ್ಮ ಜಿಲ್ಲೆಯಲ್ಲಿ ಜಾಗ ಕಡಿಮೆ ಇಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗ್ರಿ, ಮೇಗುತಿ ಗುಡ್ಡ ಹತ್ರಿ. ಕ್ರಿ.ಶ. 634–35ರಲ್ಲಿ ರವಿಕೀರ್ತಿ ಬರೆದ ಶಾಸನ ಅಲ್ಲಿದೆ. ಇಮ್ಮಡಿ ಪುಲಿಕೇಶಿ ಹರ್ಷನನ್ನ ತಡೆದ ಸುದ್ದಿ ಅದರಲ್ಲಿದೆ. ಕಾಳಿದಾಸ, ಭಾರವಿ ಇಬ್ಬರ ಹೆಸರೂ ಇದೆ. ಕಾಳಿದಾಸನ ಕಾಲ ಲೆಕ್ಕ ಹಾಕುವವರು ಇವತ್ತಿಗೂ ನಮ್ಮ ಐಹೊಳೆಯ ಗೋಡೆಯನ್ನ ಸಾಕ್ಷಿಯಾಗಿ ಹಿಡೀತಾರ.

ಫೋಟೋದಲ್ಲಿರೋ ಕಂಬ ಕ್ರಿ.ಶ. 754ರದು, ಇಮ್ಮಡಿ ಕೀರ್ತಿವರ್ಮನ ಕಾಲ. ಭಾಷೆ ಸಂಸ್ಕೃತ. ಆದ್ರೆ ಅದನ್ನೇ ಎರಡು ಲಿಪಿಯಲ್ಲಿ ಕೆತ್ತಿದ್ದಾರೆ. ಒಂದು ನಮ್ಮ ಕಡೆಯ ಕನ್ನಡ ಲಿಪಿ, ಇನ್ನೊಂದು ಉತ್ತರದ ಸಿದ್ಧಮಾತೃಕಾ. ಕಂಬ ನಿಲ್ಲಿಸಿದ ಜ್ಞಾನಶಿವಾಚಾರ್ಯ ಗಂಗೆಯ ಉತ್ತರ ದಂಡೆಯಿಂದ ಬಂದವರು. ಬಂದ ಊರಿನ ಅಕ್ಷರ, ಇರೋ ಊರಿನ ಅಕ್ಷರ, ಎರಡೂ ಒಂದೇ ಕಲ್ಲಿನ ಮೇಲೆ. ಇವತ್ತಿನ ರೈಲ್ವೆ ಸ್ಟೇಷನ್ ಬೋರ್ಡಿನ ಅಜ್ಜ ಅನ್ನಬಹುದು.

ಇನ್ನು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದು. ಕೆರೆಯ ಹತ್ತಿರದ ಬಂಡೆಯ ಮೇಲೆ ಐತಿ. ಅದರಲ್ಲಿ ಸಂಸ್ಕೃತ ಶ್ಲೋಕವೂ ಉಂಟು, ಕನ್ನಡ ತ್ರಿಪದಿಯೂ ಉಂಟು. ನಮ್ಮ ಆಯಿ ಬೀಸುವಾಗ ಹಾಡೋ ಹಾಡುಗಳ ಛಂದಸ್ಸು ತ್ರಿಪದಿನೇ. ಅದು ಕಲ್ಲಿನ ಮೇಲೆ ಸಿಗೋ ಅತಿ ಹಳೆಯ ಮಾದರಿಗಳಲ್ಲಿ ಇದು ಒಂದು. ಬರೆದವನಿಗೆ ಸಂಸ್ಕೃತ ಬರ್ತಿತ್ತು. ಅದಕ್ಕಂತ ತ್ರಿಪದಿಯನ್ನ ಹಳ್ಳಿ ಹಾಡು ಅಂತ ಹೊರಗಿಡಲಿಲ್ಲ. ಎರಡನ್ನೂ ಒಂದೇ ಬಂಡೆ ಮೇಲೆ ಕೂಡಿಸಿದ.

ಆದ್ದರಿಂದ ತಂಗಿ ಸಂಸ್ಕೃತ ಓದಲಿ, ಬೇಕಾದಷ್ಟು ಓದಲಿ. ಮೇಗುತಿಯ ಗೋಡೆ ಓದೋಕೆ ಬಂದ್ರ ಅದಕ್ಕಿಂತ ಖುಷಿ ಏನೈತಿ? ಆದ್ರೆ ಬರೀ ಮಾರ್ಕ್ಸಿಗಂತ ಕಲಿತ ಭಾಷೆ ಪರೀಕ್ಷೆ ಮುಗಿದ ಮರುದಿನ ಎಲ್ಲಿರ್ತೈತಿ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ರವಿಕೀರ್ತಿಗೆ ಸಂಸ್ಕೃತದಲ್ಲಿ ಹೇಳೋಕೆ ಒಂದು ವಿಷಯ ಇತ್ತು. ಅರಭಟ್ಟನ ಬಂಡೆಗೂ ಇತ್ತು.

ಭಾಗ 5
ಫೋಟೋ: ಬಾದಾಮಿ ಕೋಟೆಯಿಂದ ಕಾಣುವ ಊರು

ಈಗ ಅಜ್ಜನ ಪ್ರಶ್ನೆ. ಮೊದಲನೇ ಭಾಷೆಯ ಜಾಗ ತಪ್ಪಿದ್ರೆ ಏನಾಗ್ತದೆ?

1818ರಲ್ಲಿ ಥಾಮಸ್ ಮನ್ರೋನ ಸೈನ್ಯ ಬಾದಾಮಿ ಕೋಟೆ ಹಿಡೀತು. ಪೇಶ್ವೆಗಳ ಆಡಳಿತ ಮುಗಿದು ನಮ್ಮ ಭಾಗ ಕಂಪನಿ ಸರಕಾರದ ಕೈಗೆ ಬಂತು, ಆಮೇಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಪಕ್ಕದಲ್ಲೇ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಪೇಶ್ವೆಗಳ ಕಾಲದಿಂದ ಕಚೇರಿಯ ಬರವಣಿಗೆ ಮರಾಠಿ, ಲಿಪಿ ಮೋಡಿ. ದೊರೆ ಬದಲಾದ, ದಫ್ತರ ಬದಲಾಗಲಿಲ್ಲ. ಸರಕಾರಿ ಶಾಲೆ ಶುರುವಾದಾಗ ಅಲ್ಲೂ ಮರಾಠಿನೇ ಬಂತು. ಪುಸ್ತಕ ಮರಾಠಿ, ಕಲಿಸುವವರು ಮರಾಠಿ.

ಒಂದು ನಿಮಿಷ ಆ ಕಾಲದ ಆರು ವರ್ಷದ ಹುಡುಗನ ಜಾಗದಲ್ಲಿ ನಿಂತು ನೋಡ್ರಿ. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ. ಸಾಲಿಯಲ್ಲಿ ಅಕ್ಷರವೂ ಹೊಸದು, ಆ ಅಕ್ಷರ ಆಡೋ ಮಾತೂ ಹೊಸದು. ಮೊದಲ ಪಾಠದ ಮೊದಲ ಪದವೇ ಅರ್ಥ ಆಗೋದಿಲ್ಲ. ಅವನಿಗೆ ಉಳಿಯೋದು ಒಂದೇ ದಾರಿ, ಬಾಯಿಪಾಠ. ಮನೆಯಲ್ಲಿ ಮರಾಠಿ ಇದ್ದವರು ಮುಂದೆ ಹೋಗ್ತಾರ, ಕಾರಕೂನ ಆಗ್ತಾರ, ಮಾಸ್ತರ ಆಗ್ತಾರ. ಉಳಿದವರು 'ನಮಗ ವಿದ್ಯೆ ಹತ್ತೂದಿಲ್ಲ' ಅಂತ ಹೊಲಕ್ಕೆ ಮರಳ್ತಾರ.

ಮರಾಠಿಯ ತಪ್ಪು ಇದರಲ್ಲಿ ಏನೂ ಇಲ್ಲ. ಜ್ಞಾನೇಶ್ವರರ, ತುಕಾರಾಮರ ಭಾಷೆ ಅದು. ಪಂಢರಪುರದ ವಾರಿಗೆ ನಮ್ಮ ಜನ ತಾವಾಗಿ ಹೋಗಿ ಅಭಂಗ ಕಲಿತು ಬರ್ತಿದ್ರು. ಭಜನೆಯಲ್ಲಿ ಬಂದ ಮರಾಠಿ ಯಾರಿಗೂ ಭಾರ ಆಗಲಿಲ್ಲ. ಸಾಲಿಯಲ್ಲಿ ಮೊದಲನೇ ಭಾಷೆಯ ಮಣೆ ಮೇಲೆ ಬಂದು ಕೂತ ಮರಾಠಿ ಭಾರ ಆಯ್ತು. ಭಾಷೆ ಒಂದೇ. ಕೂತ ಜಾಗ ಬೇರೆ.

ಇದನ್ನ ಕಂಡು ಮಾತಾಡಿದವರಲ್ಲಿ ಮೊದಲಿಗರು ಒಬ್ಬ ಬ್ರಿಟಿಷ್ ಅಧಿಕಾರಿ, ವಾಲ್ಟರ್ ಇಲಿಯಟ್. ಇವರ ಕಥೆ ಸಿನಿಮಾದಂಗ ಐತಿ. 1824ರಲ್ಲಿ ಕಿತ್ತೂರಿನ ಯುದ್ಧದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಇವರು ಒಬ್ಬರು. ಬಿಡುಗಡೆಯಾದ ಮೇಲೆ ಧಾರವಾಡ ಭಾಗದಲ್ಲೇ ಕೆಲಸ ಮಾಡಿದ್ರು, ಊರೂರು ತಿರುಗಿ 595 ಶಾಸನಗಳ ಪ್ರತಿ ಮಾಡಿಸಿದ್ರು, ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ಬೇಕು ಅಂತ ನಿಂತರು. ಹೊರಗಿನಿಂದ ಬಂದು ಭಾಷೆ ಕಲಿತವನಿಗೆ ಕಂಡದ್ದು ಕಚೇರಿಯಲ್ಲೇ ಕೂತವರಿಗೆ ಕಂಡಿರಲಿಲ್ಲ.

ಭಾಗ 6
ಫೋಟೋ: ಧಾರವಾಡ, ಕರ್ನಾಟಕ ವಿದ್ಯಾವರ್ಧಕ ಸಂಘ

ಆ ಕೆಲಸ ಮುಂದೆ ಒಯ್ದವರು ಡೆಪ್ಯುಟಿ ಚನ್ನಬಸಪ್ಪ. ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದರು, ಹುದ್ದೆಯೇ ಹೆಸರಿಗೆ ಅಂಟಿಕೊಂತು. ಹುಟ್ಟಿದ್ದು ಧಾರವಾಡ, ಓದಿದ್ದು ಪುಣೆ. ಮರಾಠಿ ಚೆನ್ನಾಗಿ ಬರ್ತಿತ್ತು, ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು. ಆರಾಮಾಗಿ ದೊಡ್ಡ ಹುದ್ದೆ ಹಿಡಿದು ಕೂಡಬಹುದಿತ್ತು. ಕೂಡಲಿಲ್ಲ. ಮರಾಠಿ ಶಾಲೆಗಳ ಜಾಗದಲ್ಲಿ ಕನ್ನಡ ಶಾಲೆ ತರೋದು, ಕನ್ನಡದಲ್ಲಿ ಕಲಿಸೋ ಮಾಸ್ತರರನ್ನ ತಯಾರು ಮಾಡೋದು, ಇದನ್ನೇ ಕೆಲಸ ಮಾಡಿಕೊಂಡ್ರು. ಶೇಕ್ಸ್‌ಪಿಯರ್‌ನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನ 'ನಗದವರನ್ನು ನಗಿಸುವ ಕಥೆ' ಅಂತ 1871ರಲ್ಲಿ ಕನ್ನಡಕ್ಕೆ ತಂದ್ರು. ತಾನು ಕಲಿತ ಇನ್ನೊಂದು ಭಾಷೆಯಿಂದ ಮನೆಗೆ ಗಂಟು ಕಟ್ಟಿ ತರೋದು ಅಂದ್ರ ಇದು.

1881ರಲ್ಲಿ ಅವರು ತೀರಿಕೊಂಡ್ರು. ಒಂಬತ್ತು ವರ್ಷದ ಮೇಲೆ, 1890ರ ಜುಲೈ 20ರಂದು, ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ರು. ಅಲ್ಲಿ ಬೆಳೆದ ಆಲೂರು ವೆಂಕಟರಾಯರು ಹುಟ್ಟಿದ್ದು ನಮ್ಮ ಬಿಜಾಪುರದಲ್ಲೇ, 1880ರಲ್ಲಿ. ಅವರ 'ಕರ್ನಾಟಕ ಗತವೈಭವ' 1917ರಲ್ಲಿ ಬಂತು. ಅದರಲ್ಲಿ ಅವರು ಹೊಗಳಿದ ವೈಭವದ ಅರ್ಧ ನಮ್ಮ ಬಾದಾಮಿ–ಐಹೊಳೆ–ಪಟ್ಟದಕಲ್ಲಿನದು. ಹಂಗೇ 1956ರ ನವೆಂಬರ್ 1ಕ್ಕೆ ಬಂದ್ವಿ. ಬಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದರಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ.

ಇದರ ಇನ್ನೊಂದು ಮುಖವನ್ನೂ ನೋಡ್ರಿ. ಧಾರವಾಡದ ದ.ರಾ. ಬೇಂದ್ರೆಯವರ ಮನೆ ಮಾತು ಮರಾಠಿ. ಮಾಸ್ತಿಯವರದು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಈ ಮೂರೂ ಇವೆ: 1973, 1983, 1998. ಇವರಿಗೆಲ್ಲ ಕನ್ನಡ ಒಂದು ಲೆಕ್ಕದಲ್ಲಿ ಎರಡನೇ ಭಾಷೆ. ಯಾರೂ ಮನೆ ಮಾತು ಬಿಟ್ಟು ಕನ್ನಡಕ್ಕೆ ಬರಲಿಲ್ಲ. ಬೇಂದ್ರೆಯವರಂತೂ ಮರಾಠಿಯಲ್ಲೂ ಬರೆದವರು. ಓಣಿಯಲ್ಲಿ, ಸಂತೆಯಲ್ಲಿ, ಗೆಳೆಯರ ಗುಂಪಿನಲ್ಲಿ ಕನ್ನಡ ಸಿಕ್ತು, ಪ್ರೀತಿಯಿಂದ ಹಿಡಿದುಕೊಂಡ್ರು.

ಭಾಗ 7
ಫೋಟೋ: ಇಳಕಲ್, ಮಗ್ಗದ ಮೇಲಿನ ಸೀರೆ

ಕಾಕಾ ಹೇಳಿದ್ದು ಸುಳ್ಳಲ್ಲ. ಭಾಷೆ ಕಲಿಸುವ ದೊಡ್ಡ ಸಾಲಿ ಅಂದ್ರೆ ಸಂತೆ.

ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಹಳೇ ಬೇಡಿಕೆ. ಅಲ್ಲಿನವರ ಬಾಯಲ್ಲಿ ಅದು 'ಇರಕಲ್'. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಗಿರಾಕಿ ಜೊತೆ ದರ ಮಾತಾಡಬೇಕಂದ್ರ ಮರಾಠಿ ಬೇಕು. ಇತ್ತ ಇಳಕಲ್, ಗುಳೇದಗುಡ್ಡದ ನೇಕಾರರ ಓಣಿಗಳಿಗೆ ಹೋದ್ರೆ ಪದ್ಮಶಾಲಿ ಮನೆಗಳಲ್ಲಿ ತೆಲುಗು ಕೇಳ್ತದೆ. ಬಾಜೂ ಓಣಿಯಲ್ಲಿ ದಖನಿ. ತಾಂಡಾಗೆ ಹೋದ್ರೆ ಲಂಬಾಣಿ. ಎಲ್ಲರೂ ಕೂಡಿದಾಗ ಕನ್ನಡ.

ಇಳಕಲ್ ಸೀರೆ ನೇಯೋರ ಹತ್ರ ಒಂದು ಕೆಲಸ ಕೇಳ್ರಿ: ಕೊಂಡಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸ್ತಾರ, ಒಂದೊಂದು ಸೀರೆಗೂ ಹೊಸದಾಗಿ. ತಾಳ್ಮೆಯ ಕೆಲಸ. ಒಂದು ಕಡೆಯ ಎಳೆ ಸಡಿಲಾದ್ರೆ ಕೊಂಡಿ ನಿಲ್ಲೋದಿಲ್ಲ. ಎರಡೂ ಬಿಗಿಯಾಗಿರಬೇಕು.

ನವನಗರದ ನಮಗೆ ಇದು ಇನ್ನೂ ಹತ್ತಿರದ ವಿಷಯ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದವು, ಓಣಿಗಳು ಹೋದವು. ಜನ ಇಲ್ಲಿ ಸೆಕ್ಟರ್‌ಗಳಿಗೆ ಬಂದ್ರು. ಅಲ್ಲಿ ಓಣಿಗೊಂದು ಸಮುದಾಯ, ಓಣಿಗೊಂದು ಮಾತು ಇದ್ದದ್ದು. ಇಲ್ಲಿ ನಂಬರ್ ಪ್ರಕಾರ ಮನೆ. ನಮ್ಮ ಎಡಕ್ಕೆ ದಖನಿ ಮನೆ, ಬಲಕ್ಕೆ ಮರಾಠಿ ಮನೆ. ಅವ್ವನಿಗೆ ದಖನಿ ಕಲಿಸಿದ್ದು ಯಾವ ಸಾಲಿಯೂ ಅಲ್ಲ, ಎಡಮನೆಯ ಖಾಲಾ. ಖಾಲಾಗೆ ಎಣ್ಣಿಗಾಯಿ ಕಲಿಸಿದ್ದು ಅವ್ವ. ಮನೆ ಕಳಕೊಂಡು ಬಂದವರು ಹೊಸ ಊರಿನಲ್ಲಿ ಮೊದಲು ಕಟ್ಟಿಕೊಂಡದ್ದು ಒಬ್ಬರಿಗೊಬ್ಬರ ಮಾತು.

ಆದ್ರೂ ಕಾಕಾನ ಮಾತಿಗೆ ಒಂದು ಮಿತಿ ಐತಿ. ಸಂತೆಯ ಮರಾಠಿಯಲ್ಲಿ ಅವರು ಸೀರೆ ಮಾರಬಲ್ಲರು, ಮರಾಠಿ ಕಾದಂಬರಿ ಓದಲಾರರು. ಬಾಯಿಗೆ ಸಂತೆ ಸಾಕು. ಕಣ್ಣಿಗೆ, ಕೈಗೆ ಸಾಲಿ ಬೇಕು. ಅವ್ವ ಅಡಗಿ ಉದಾಹರಣೆ ಕೊಟ್ಟು ಹೇಳಿದ್ದೂ ಅದನ್ನೇ.

ಭಾಗ 8
ಫೋಟೋ: ಖಾಲಿ ಅರ್ಜಿ, ಮೇಲೊಂದು ಪೆನ್ನು

ಉಳಿದದ್ದು ಅಪ್ಪನ ಹಿಂದಿ, ಅವ್ವನ ಕನ್ನಡ.

1968ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ತ್ರಿಭಾಷಾ ಸೂತ್ರ ಬಂತು. ನಮ್ಮಂಥ ರಾಜ್ಯದವರು ರಾಜ್ಯದ ಭಾಷೆ, ಇಂಗ್ಲಿಷ್, ಹಿಂದಿ ಕಲೀಬೇಕು. ಹಿಂದಿ ರಾಜ್ಯದವರು ಹಿಂದಿ, ಇಂಗ್ಲಿಷ್ ಜೊತೆ ಇನ್ನೊಂದು ಆಧುನಿಕ ಭಾರತೀಯ ಭಾಷೆ, ಸಾಧ್ಯವಾದ್ರೆ ದಕ್ಷಿಣದ್ದು, ಕಲೀಬೇಕು. ನಾವು ಕಲಿತ್ವಿ. ಅತ್ತ ಬಹಳ ಕಡೆ ಆ ಮೂರನೇ ಜಾಗಕ್ಕೆ ಸಂಸ್ಕೃತ ಹಾಕಿ ಮುಗಿಸಿದ್ರು. ಭೋಪಾಳಕ್ಕೆ ಹೋಗೋ ನಮ್ಮ ಹುಡುಗಿ ಹಿಂದಿ ಕಲೀಬೇಕು ಅನ್ನೋದು ಸರಿ. ಬಾಗಲಕೋಟೆಯ ಬ್ಯಾಂಕಿಗೆ ಬರೋ ಭೋಪಾಳದ ಹುಡುಗನೂ ನಾಲ್ಕು ಮಾತು ಕನ್ನಡ ಕಲೀಬೇಕು ಅನ್ನೋದೂ ಅಷ್ಟೇ ಸರಿ. ಈ ಮಾತಿಗೆ ಅಪ್ಪ ಊಟದಲ್ಲೇ "ಹೌದ್ ಬಿಡು" ಅಂದ್ರು. ಅವರ ಬಾಯಿಂದ ಆ ಮಾತು ಬರೋದು ವರ್ಷಕ್ಕೊಮ್ಮೆ.

ನಮ್ಮ ರಾಜ್ಯದ ಒಳಗೇ ಇನ್ನೊಂದು ಸಮಸ್ಯೆ ಇತ್ತು. ಹೈಸ್ಕೂಲಿನಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ತಗೊಂಡು, ಕನ್ನಡ ಓದದೇನೇ ಪಾಸಾಗಬಹುದಿತ್ತು. ಕಾರಣ ಆಗಲೂ ಅದೇ, ಮಾರ್ಕ್ಸ್. ಇದನ್ನ ನೋಡೋಕೆ 1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ನೇಮಕ ಆಯ್ತು. 1981ರ ಜನವರಿಯಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ. ಅದು ಜಾರಿಯಾಗಲಿ ಅಂತ 1982ರಲ್ಲಿ ನಡೆದದ್ದೇ ಗೋಕಾಕ್ ಚಳವಳಿ. ಸಾಹಿತಿಗಳು ಶುರು ಮಾಡಿದ್ರು, ಡಾ. ರಾಜ್‌ಕುಮಾರ್ ಇಳಿದ ಮೇಲೆ ಊರೂರು ಎದ್ದವು. ಆಮೇಲೆ ಸರಕಾರಿ ಆದೇಶ, ಕೋರ್ಟು, ಮತ್ತೆ ಆದೇಶ, ಮತ್ತೆ ಕೋರ್ಟು. 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಯಲ್ಲಿ ಮಾಧ್ಯಮವನ್ನ ಸರಕಾರ ಕಡ್ಡಾಯ ಮಾಡೋ ಹಾಗಿಲ್ಲ ಅಂತು. 2015ರಲ್ಲಿ ರಾಜ್ಯ ಸರಕಾರ ಕನ್ನಡವನ್ನ ಒಂದು ಭಾಷೆಯಾಗಿ ಕಲಿಸಲೇಬೇಕು ಅಂತ ಕಾಯ್ದೆ ತಂತು.

ಇಲ್ಲೊಂದು ಸಂಗತಿ ಗಮನಿಸ್ರಿ. ಗೋಕಾಕರು ಏನು ಕಲಿಸ್ತಿದ್ರು? ಇಂಗ್ಲಿಷ್. ಚನ್ನಬಸಪ್ಪ ಎಲ್ಲಿ ಓದಿದ್ರು? ಪುಣೆಯಲ್ಲಿ. ಕನ್ನಡಕ್ಕೆ ಮೊದಲ ಜಾಗ ಬೇಕು ಅಂತ ನಿಂತವರು ಬೇರೆ ಭಾಷೆ ಬಾರದವರಲ್ಲ, ಚೆನ್ನಾಗಿ ಬರುವವರು. ಇನ್ನೊಂದು ಭಾಷೆಯ ಒಳಗೆ ಹೋಗಿ ಬಂದವರಿಗೆ ತಮ್ಮದು ಏನು ಅಂತ ಸ್ಪಷ್ಟವಾಗಿ ಕಾಣ್ತಿತ್ತು.

ಈಗ ನಮ್ಮ ಕಾಲ. ಹತ್ತನೇ ತರಗತಿಯವರೆಗೆ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ, ಉಳಿದ ಎರಡಕ್ಕೆ ನೂರು ನೂರು. ಪಿಯುಸಿಗೆ ಬಂದ ಕೂಡಲೇ ಕನ್ನಡ ಬಿಡಬಹುದು. ನಮ್ಮ ಬ್ಯಾಚಿನ ಎಷ್ಟೋ ಮಂದಿ ಬಿಟ್ಟಿದ್ದಾರೆ. ಹದಿನಾರನೇ ವಯಸ್ಸಿಗೆ ಪುಸ್ತಕದ ಕನ್ನಡ ನಿಂತು, ಬರೀ ಮಾತಿನ ಕನ್ನಡ ಉಳೀತದೆ. 1850ರ ಹುಡುಗನ ಕೈಯಿಂದ ಕನ್ನಡದ ಪುಸ್ತಕ ಬೇರೆಯವರು ಕಸಿದಿದ್ರು. ನಾವು ನಾವಾಗೇ ಕೆಳಗಿಡ್ತಿದ್ದೀವಿ. ಸಂಸ್ಕೃತ ತಗೊಂಡವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಯಾವ ಭಾಷೆ ತಗೊಂಡ್ರೂ ವರ್ಷಕ್ಕೆ ನಾಲ್ಕು ಕನ್ನಡ ಪುಸ್ತಕ ಓದೋಕೆ ಯಾವ ಅರ್ಜಿಯೂ ಅಡ್ಡ ಬರೋದಿಲ್ಲ ಅಂತ ಹೇಳೋಕೆ.

ಭಾಗ 9, ಕೊನೆಯದು
ಫೋಟೋ: ಹಲಗಲಿ, ಮುಧೋಳ ತಾಲ್ಲೂಕು

ಹತ್ತನೇ ತರಗತಿಯಲ್ಲಿ ನಾವೆಲ್ಲ ಓದಿದ ಹಲಗಲಿ ಬೇಡರ ಲಾವಣಿ ನೆನಪೈತಲ್ಲ? ಆ ಹಲಗಲಿ ನಮ್ಮ ಜಿಲ್ಲೆಯದೇ.

1857. ಎಲ್ಲರೂ ಆಯುಧ ಸರಕಾರಕ್ಕೆ ಒಪ್ಪಿಸಬೇಕು ಅಂತ ಕಾನೂನು ಬಂತು. ಬೇಟೆಯ ಮೇಲೆ, ಕಾವಲಿನ ಮೇಲೆ ಬದುಕಿದ ಹಲಗಲಿಯ ಬೇಡರಿಗೆ ಆಯುಧ ಅಂದ್ರೆ ಅನ್ನ, ಮಾನ ಎರಡೂ. ಕೊಡೋದಿಲ್ಲ ಅಂದ್ರು. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಲವರನ್ನ ಗಲ್ಲಿಗೇರಿಸಿದ್ರು. ಸರಕಾರದ ಕಾಗದದಲ್ಲಿ ಅದು ಅಡಗಿಸಿದ ಒಂದು ಗಲಾಟೆ. ಜನರ ಬಾಯಲ್ಲಿ ಅದು ಲಾವಣಿ ಆಯ್ತು.

ಹಾಡೋರ ಗಂಟಲಲ್ಲಿದ್ದ ಆ ಲಾವಣಿ ಅಚ್ಚಿನ ಪುಸ್ತಕಕ್ಕೆ ಹೆಂಗ ಬಂತು ಗೊತ್ತೇನು? ಜಾನ್ ಫೇತ್‌ಫುಲ್ ಫ್ಲೀಟ್. ಅದೇ ಸರಕಾರದ ಅಧಿಕಾರಿ. 1867ರಲ್ಲಿ ಮುಂಬಯಿ ಪ್ರಾಂತ್ಯದ ನೌಕರಿಗೆ ಬಂದವರು. ಆಗಿನ ಅಧಿಕಾರಿಗಳಿಗೆ ದೇಶಭಾಷೆಯ ಪರೀಕ್ಷೆ ಇರ್ತಿತ್ತು. ಬಹಳ ಮಂದಿ ಪಾಸಾಗಿ ಮರೆತ್ರು. ಫ್ಲೀಟ್ ಮರೀಲಿಲ್ಲ. ಹಳಗನ್ನಡ ಕಲಿತು ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಶಾಸನ ಓದಿದ್ರು. ಕನ್ನಡ ನಾಡಿನ ರಾಜವಂಶಗಳ ಬಗ್ಗೆ 1882ರಲ್ಲಿ ಪುಸ್ತಕ ತಂದ್ರು. ಮೊದಲ ಭಾಗದಲ್ಲಿ ನಾವು ನೋಡಿದ ಗುಹೆಯ ಅಕ್ಷರಗಳ ಮೇಲೂ ಕೆಲಸ ಮಾಡಿದವರು ಇವರೇ. ಕಲ್ಲು ಓದಿ ಸುಮ್ಮನಾಗದೇ ಜನರ ಹಾಡಿಗೂ ಕಿವಿ ಕೊಟ್ರು. 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಐದು ಕನ್ನಡ ಲಾವಣಿಗಳನ್ನ ಅಚ್ಚು ಹಾಕಿದ್ರು. ಸಂಗೊಳ್ಳಿ ರಾಯಣ್ಣನದು ಒಂದು, ಸಂಗ್ಯಾನದು ಒಂದು. ಹಲಗಲಿ ಬೇಡರದೂ ಒಂದು.

ಊರು ಸುಟ್ಟ ಸರಕಾರದ ಅಧಿಕಾರಿಯೇ, ಆ ಊರಿನ ಭಾಷೆ ಕಲಿತು, ಅದರ ನೋವಿನ ಹಾಡನ್ನ ಬರೆದಿಟ್ಟ. ಭಾಷೆ ಬರದಿದ್ರೆ ಅವನಿಗೆ ಅದು ಬರೀ ಗದ್ದಲ. ಬಂದಿದ್ದಕ್ಕೆ ಅದು ಹಲಗಲಿಯವರ ಮಾತಾಗಿ ಕೇಳಿತು.

ನನಗನ್ನಿಸೋದು ಇಷ್ಟು. ಇನ್ನೊಂದು ಭಾಷೆ ಕಲಿಯೋದರ ದೊಡ್ಡ ಲಾಭ ಮಾರ್ಕ್ಸಲ್ಲೂ ಇಲ್ಲ, ಪಗಾರದಲ್ಲೂ ಇಲ್ಲ. ಎದುರಿನವನ ಮಾತು ಗದ್ದಲ ಆಗದೇ ಮಾತಾಗಿ ಕೇಳೋದರಲ್ಲಿ ಐತಿ. ಆದ್ರೆ ಬರೆದಿಡೋಕೆ ಹಲಗಲಿಯ ಕಡೆ ಒಂದು ಹಾಡು ಇರಬೇಕಿತ್ತಲ್ಲ? ಅವರು ತಮ್ಮ ಮಾತಿನಲ್ಲಿ ಕಟ್ಟಿಟ್ಟಿದ್ರು, ಇವರಿಗೆ ಬರೆಯೋಕೆ ಸಿಕ್ತು. ಮೊದಲನೇ ಭಾಷೆ ಬರಿದಾದ್ರೆ ಎರಡನೇ ಭಾಷೆಯವನಿಗೆ ಹೇಳೋಕೆ ನಮ್ಮ ಹತ್ತಿರ ಏನಿರ್ತೈತಿ?

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಸೆಕ್ಟರ್‌ನಲ್ಲಿ ಎಷ್ಟು ಭಾಷೆ ಅದಾವು ಅಂತ ಎಣಿಸ್ರಿ. ನಿಮ್ಮ ಆಯಿಗೆ, ನಾನಿಗೆ, ಅಜ್ಜಿಗೆ ಬರೋ ಒಂದು ಹಾಡು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿಕೊಳ್ರಿ. ಲಂಬಾಣಿಯಾಗಲಿ, ದಖನಿಯಾಗಲಿ, ತೆಲುಗಾಗಲಿ, ಕನ್ನಡವಾಗಲಿ. ಫ್ಲೀಟ್ ಸಾಹೇಬರು ಕುದುರೆ ಏರಿ ಊರೂರು ತಿರುಗೋ ಕಾಲದವರು. ನಮ್ಮ ಕೈಯಲ್ಲಿ ಮೊಬೈಲ್ ಐತಿ, ಹಾಡೋರು ಪಕ್ಕದ ಖೋಲಿಯಲ್ಲೇ ಅದಾರ.

#ನವನಗರ #ಬಾಗಲಕೋಟೆ #ಬಾದಾಮಿ #ಇಳಕಲ್ #ಹಲಗಲಿ #ನಮ್ಮಮಾತು #ಕನ್ನಡಇತಿಹಾಸ